ಬೇಸಿಗೆ ಶಾಲೆಯ ದಂಡು

ಹೆಸರೇನೋ ಸಮಾಧಾನಮ್ಮ. ಈ ಹೆಸರಿಟ್ಟ ಮಿಷನ್ ದೊರೆಸಾನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು, ಕೂಸಿನ ಮುಖ ಓದಲು ಮಾತ್ರ ಬರುತ್ತಿರಲಿಲ್ಲ ಎಂದು ಗೆಜ್ಜಲಕುಂಟೆಯ ಕೇರಿಯವರು ಆಡಿಕೊಳ್ಳುತ್ತಿದ್ದರು. ಆಕೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮಿಷನ್ ಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಟೀಚರು. ಭಾನುವಾರ ಚರ್ಚಿನ ಜಗಲಿಯ ಮೇಲೆ ಕೇರಿಯ ಮಕ್ಕಳಿಗೆಲ್ಲ ಸತ್ಯವೇದದ ಪಾಠ. ಗಂಡ ಯೋನಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಒಬ್ಬನೇ ಮಗ ದಾನಿಯೇಲ ಹೇಳದೆ ಕೇಳದೆ ಪಟಾಲಂ ಸೇರಿ, ಅಸ್ಸಾಮಿನ ಕಾಡಿನಲ್ಲಿ ರಸ್ತೆ ಹಾಕಲು ಹೋದವನು, ಹಿಂದಿನ ನವೆಂಬರಿನಲ್ಲಿ ಅಲ್ಲೇ ಜ್ವರ ಬಂದು ಸತ್ತಿದ್ದ.

ಸತ್ತವರ ಮೇಲೆ ಕೋಪ ಇಟ್ಟುಕೊಳ್ಳಬಾರದು ಎನ್ನುತ್ತಾರೆ. ಎನ್ನುವವರು ಎನ್ನಲಿ. ಮಗನ ಮೇಲಿನ ಸಿಟ್ಟು ಅವಳಿಗೆ ಇಳಿದಿರಲಿಲ್ಲ. ಹದಿನೈದು ವರ್ಷದವನು ಹದಿನೆಂಟು ಎಂದು ಸುಳ್ಳು ಹೇಳಿ ಸೇರಿಕೊಂಡಿದ್ದ. ಸುದ್ದಿ ತಿಳಿದ ದಿನವೇ ಅವಳು ಹೊಸಕೋಟೆಗೆ ನಡೆದು, ಅಲ್ಲಿಂದ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ, ಪಟಾಲಮ್ಮಿಗೆ ಜನ ಸೇರಿಸುವ ಕಚೇರಿಯ ಬಾಗಿಲಲ್ಲಿ ನಿಂತು ಅವನಿನ್ನೂ ಚಿಕ್ಕ ಹುಡುಗ ಎಂದು ಕೂಗಾಡಿದ್ದಳು. ಗುಮಾಸ್ತ ತಲೆ ಎತ್ತದೆ, "ವಯಸ್ಸಿಗೆ ಕಾಗದ ಐತೆ, ನಡಿಯಮ್ಮ" ಎಂದಿದ್ದ. ಯಾವ ಕಾಗದ ಎಂದು ತೋರಿಸಲಿಲ್ಲ. ಮನೆಗೆ ಬಂದವಳೇ ಮಗನಿಗೆ ಬರೆದಳು: ಸುಳ್ಳುಗಾರ ನನ್ನ ಹೊಟ್ಟೆಯಲ್ಲಿ ಹುಟ್ಟಿಲ್ಲ ಎಂದು. ಮೂರು ತಿಂಗಳಾದ ಮೇಲೆ ಅವನ ಉತ್ತರ ಬಂತು. "ಅಮ್ಮಾ, ನಾನು ಸುಳ್ಳು ಹೇಳಲಿಲ್ಲ. ಕೇಳಿದಾಗ ಹದಿನೈದು ಅಂತಲೇ ಹೇಳಿದೆ. ಅವರು ಕಾಗದ ನೋಡಿ ನಕ್ಕರು." ಒಂದು ಸುಳ್ಳಿನ ಮೇಲೆ ಇನ್ನೊಂದು ಎಂದು ಅವಳು ಆ ಪತ್ರವನ್ನು ಪೆಟ್ಟಿಗೆಗೆ ಎಸೆದಳು, ಉತ್ತರ ಬರೆಯಲಿಲ್ಲ. ಆಮೇಲೆ ಬಂದದ್ದು ಸರ್ಕಾರದ ಕಂದು ಲಕೋಟೆ.

ಸಾವಿರದ ಒಂಬೈನೂರ ನಲವತ್ತನಾಲ್ಕರ ಮಾರ್ಚ್ ತಿಂಗಳ ಒಂದು ಭಾನುವಾರ, ಆರಾಧನೆ ಮುಗಿದ ಮೇಲೆ, ಚರ್ಚಿನ ಕಮಿಟಿ ಸೇರಿತು. ಆ ವರ್ಷದ ಬೇಸಿಗೆ ಬೈಬಲ್ ಶಾಲೆಗೆ ಯಾವ ಪಾಠ ಇಡಬೇಕು ಎಂದು ತೀರ್ಮಾನವಾಗಬೇಕಿತ್ತು. ರಜೆಯಲ್ಲಿ ಹತ್ತು ದಿನ, ಬೆಳಿಗ್ಗೆ ಏಳರಿಂದ ಹತ್ತರವರೆಗೆ, ಕೇರಿಯ ಮಕ್ಕಳಿಗೆ ಹಾಡು, ಕಥೆ, ಬಾಯಿಪಾಠ, ಕೊನೆಯ ದಿನ ಒಂದು ಕಾರ್ಯಕ್ರಮ. ಮಿಷನ್ನಿನವರು ಬೆಂಗಳೂರಿನಿಂದ ಎರಡು ಪುಸ್ತಕ ಕಳಿಸಿದ್ದರು. ಒಂದರ ಹೆಸರು 'ಬೀಜ ಮತ್ತು ನೆಲ'. ಮೊದಲ ದಿನ ಪ್ರತಿ ಮಗುವೂ ತೆಂಗಿನ ಚಿಪ್ಪಿನಲ್ಲಿ ಹುರುಳಿ ಹಾಕಿ, ಹತ್ತು ದಿನ ನೀರೆರೆದು, ಮೊಳಕೆ ನೋಡುತ್ತಾ ಸತ್ಯವೇದದ ಬಿತ್ತುವವನ ಸಾಮ್ಯದ ಕಥೆ ಕಲಿಯಬೇಕು. ಇನ್ನೊಂದು 'ರಾಜಾಧಿರಾಜನ ದಂಡು'. ಅದರಲ್ಲಿ ದಿನವೂ ಕವಾಯತು, ರಟ್ಟಿನ ಕತ್ತಿ, ರಟ್ಟಿನ ಗುರಾಣಿ. ವಚನ ಬಾಯಿಪಾಠ ಮಾಡಿದ ಹಾಗೆಲ್ಲ ಸಿಪಾಯಿ ನಾಯಕನಾಗುತ್ತಾನೆ, ನಾಯಕ ಹವಾಲ್ದಾರನಾಗುತ್ತಾನೆ. ಕೊನೆಯ ದಿನ ದೊಡ್ಡ ಮನುಷ್ಯರೊಬ್ಬರ ಮುಂದೆ ಮಕ್ಕಳೆಲ್ಲ ಸಾಲಾಗಿ ನಡೆದು ಸಲಾಮು ಹೊಡೆಯಬೇಕು.

"ದಂಡೇ ಇಡೋಣ" ಎಂದ ಆಶೀರ್ವಾದಪ್ಪ, ಪುಸ್ತಕ ತೆರೆಯುವ ಮೊದಲೇ.

ಆಶೀರ್ವಾದಪ್ಪ ಚರ್ಚಿನ ಹಿರಿಯ. ಬೆಂಗಳೂರಿನ ಮಿಲಿಟರಿ ಕ್ಯಾಂಪಿಗೆ ಸೌದೆ ಹಾಕುವ ಕಂಟ್ರಾಕ್ಟು ಹಿಡಿದಿದ್ದ. ಸೌದೆ ಗಾಡಿ ಹೋಗುವಾಗ ಅದರ ಮೇಲೆ ಒಬ್ಬಿಬ್ಬರು ಹುಡುಗರೂ ಇರುತ್ತಿದ್ದರು. ಗಾಡಿ ವಾಪಸ್ಸು ಬರುವಾಗ ಹುಡುಗರು ಇರುತ್ತಿರಲಿಲ್ಲ. ಹುಡುಗರನ್ನು ಕೊಟ್ಟಷ್ಟೂ ಕಂಟ್ರಾಕ್ಟು ಗಟ್ಟಿ. ದಾನಿಯೇಲ ಹೋದದ್ದೂ ಅದೇ ಗಾಡಿಯಲ್ಲೇ. "ನಾನು ಮುಂದೆ ಕೂತಿದ್ದೆ, ಹಿಂದೆ ಯಾವಾಗ ಹತ್ತಿದ್ನೋ ದೇವರಾಣೆ ಗೊತ್ತಿಲ್ಲ" ಎಂದು ಆಗ ಹೇಳಿದ್ದ. ದೇವರ ಆಣೆ ಎಂದ ಮೇಲೆ ಅವಳು ನಂಬಿದ್ದಳು. ನಂಬಿಕೆಯ ವಿಷಯದಲ್ಲಿ ಕ್ರೈಸ್ತರಿಗೆ ಸ್ವಲ್ಪ ಅಭ್ಯಾಸ ಜಾಸ್ತಿ.

"ಕ್ಯಾಂಪಿನ ಸಾಹೇಬ್ರ ಹತ್ರ ಮಾತಾಡಿದೀನಿ" ಎಂದು ಅವನು ಮುಂದುವರಿಸಿದ. "ದಂಡಿನ ಪಾಠ ಇಟ್ರೆ ಪ್ರತಿ ಹುಡುಗನಿಗೂ ಒಂದೊಂದು ಖಾಕಿ ಅಂಗಿಗೆ ಬಟ್ಟೆ ಕೊಡ್ತಾರೆ. ಕೊನೇ ದಿನ ಜಮೇದಾರ್ ಅಸದುಲ್ಲಾ ಸಾಹೇಬ್ರು ಬಂದು ಕವಾಯತು ನೋಡ್ತಾರೆ. ಬಟ್ಟೆ ಸಿಗ್ದೆ ಹೆಣಕ್ಕೂ ಹಳೇ ಸೀರೆ ಸುತ್ತೋ ಕಾಲ. ಹೊಸಾ ಬಟ್ಟೆ ಬಿಡೋದುಂಟಾ?"

"ಖಾಕಿ ಗಟ್ಟಿ ಬಟ್ಟೆ" ಎಂದಳು ನರಸಮ್ಮ. ಕಮಿಟಿಯಲ್ಲಿ ಹಿರಿಯಳು ಅವಳೇ. ಮಗ ಸೊಸೆ ಇಬ್ಬರನ್ನೂ ಪ್ಲೇಗಿಗೆ ಕೊಟ್ಟು ಮೊಮ್ಮಗನನ್ನು ತಾನೇ ಸಾಕುತ್ತಿದ್ದಳು. "ನಮ್ಮ ಆರೋನಂಗೆ ಮೈ ಮೇಲೆ ಒಂದು ನೆಟ್ಟಗಿನ ಅಂಗಿ ಇಲ್ಲ."

ಗಾರೆ ಕೆಲಸದ ಅಪ್ಪಯ್ಯಣ್ಣ, "ಬಟ್ಟೆ ಕೊಡೋದಾದ್ರೆ ಸರಿ" ಎಂದ. ಅವನು ಯಾವತ್ತೂ ಕೊನೆಯಲ್ಲಿ ಮಾತಾಡಿದವರ ಪಕ್ಷ.

ಸಮಾಧಾನಮ್ಮ ಇಷ್ಟು ಹೊತ್ತು ತಡೆದದ್ದೇ ಹೆಚ್ಚು. "ನಾಲ್ಕು ತಿಂಗಳ ಹಿಂದೆ ನನ್ನ ಮಗ ಖಾಕಿ ಹಾಕ್ಕೊಂಡೇ ಸತ್ತ. ಈಗ ನನ್ನ ಕೈಯಿಂದಾನೇ ಮಕ್ಕಳಿಗೆ ಲೆಫ್ಟ್ ರೈಟ್ ಕಲಿಸ್ಬೇಕಾ? ಬೀಜದ ಪಾಠ ಇಡಿ. ನಾಚಿಕೆ ಅನ್ನೋದು ಇದ್ರೆ ಅದನ್ನ ಇಡಿ."

ಎಲ್ಲರೂ ಅಯ್ಯನವರ ಮುಖ ನೋಡಿದರು. ಸಭಾಪಾಲಕ ಸತ್ಯಮಿತ್ರಯ್ಯನವರು ಮೂರು ವರ್ಷದ ಹಿಂದೆ ತುಮಕೂರಿನ ಕಡೆಯಿಂದ ವರ್ಗವಾಗಿ ಬಂದವರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಮನುಷ್ಯ. ಅವರು ಕೆಮ್ಮಿ, "ಯಾವ ಪುಸ್ತಕ ಆದ್ರೂ ವಯಸ್ಸಿನ ಪ್ರಕಾರ ಮೂರು ಗುಂಪು ಮಾಡಿ ಮಿಷನ್ನಿಗೆ ಬರೀಬೇಕಲ್ಲ, ಮೊದಲು ಆ ಕೆಲಸ ಆಗ್ಲಿ. ಟೀಚರಮ್ಮ, ರಿಜಿಸ್ಟರು ನೋಡಿ ಪಟ್ಟಿ ಮಾಡಿಬಿಡಿ" ಎಂದು ಬೀರುವಿನಿಂದ ದೀಕ್ಷಾಸ್ನಾನದ ದಪ್ಪ ರಿಜಿಸ್ಟರು ತಂದು ಅವಳ ತೊಡೆಯ ಮೇಲಿಟ್ಟರು. ಕೇರಿಯಲ್ಲಿ ಯಾವ ತಾಯಿಯನ್ನು ಕೇಳಿದರೂ, ಹುಣಸೆ ಹಣ್ಣಿನ ಕಾಲದಲ್ಲಿ ಹುಟ್ಟಿದ, ದೊಡ್ಡ ಮಳೆಯ ವರ್ಷ ಹುಟ್ಟಿದ ಎನ್ನುತ್ತಿದ್ದರೇ ಹೊರತು ಇಸವಿ ಹೇಳುತ್ತಿರಲಿಲ್ಲ. ವಯಸ್ಸಿಗೆ ಈ ರಿಜಿಸ್ಟರೇ ಗತಿ.

ಅವರು ಬಟ್ಟೆಯ ಮಾತು ಮುಂದುವರಿಸಿದರು. ಅವಳು ಹಲ್ಲು ಕಚ್ಚಿಕೊಂಡು ಪಟ್ಟಿ ಬರೆಯತೊಡಗಿದಳು. ದೊಡ್ಡ ಹುಡುಗರು ಇಪ್ಪತ್ತೊಂಬತ್ತನೇ ಇಸವಿಯ ಪುಟದಲ್ಲಿದ್ದರು. ಅಲ್ಲಿಂದ ಇಪ್ಪತ್ತೇಳಕ್ಕೆ ಎರಡೇ ಹಾಳೆ. ಕೈ ತಾನಾಗಿಯೇ ತಿರುಗಿಸಿತು. "ದಾನಿಯೇಲ. ತಂದೆ ಯೋನಪ್ಪ. ತಾಯಿ ಸಮಾಧಾನಮ್ಮ. ಹುಟ್ಟಿದ್ದು ಜೂನ್ 1927." ಅವಳು ಆ ಸಾಲಿನ ಮೇಲೆ ಬೆರಳಾಡಿಸಿದಳು. ಆಮೇಲೆ ಇನ್ನೂ ಹಿಂದಕ್ಕೆ, ಇಪ್ಪತ್ತನಾಲ್ಕರ ಪುಟಕ್ಕೆ ಹೋದಳು. ಅಲ್ಲಿಯೂ ಅದೇ ಹೆಸರು, ಅದೇ ತಂದೆ, ಅದೇ ತಾಯಿ. ಅದು ಅವಳ ಚೊಚ್ಚಲ ಮಗು. ಒಂದೂವರೆ ವರ್ಷಕ್ಕೆ ನಾಯಿಕೆಮ್ಮು ಬಂದು ಹೋಗಿತ್ತು.

ಆ ಕೇರಿಯ ಪದ್ಧತಿ ಅದು. ಅಜ್ಜನ ಹೆಸರನ್ನು ಮೊದಲ ಗಂಡು ಮಗುವಿಗೆ ಇಡಬೇಕು. ಆ ಮಗು ಉಳಿಯದಿದ್ದರೆ ಅದೇ ಹೆಸರು ಅದರ ಹಿಂದೆ ಹುಟ್ಟಿದವನಿಗೆ. ಹೆಸರು ಮಣ್ಣಾಗಬಾರದು. ಮುನಿವೆಂಕಟಪ್ಪನಾಗಿದ್ದ ಅವಳ ಮಾವ ದೀಕ್ಷಾಸ್ನಾನ ಪಡೆದು ದಾನಿಯೇಲಪ್ಪನಾದ. ದೇವರು ಬದಲಾದ, ಹೆಸರು ಬದಲಾಯಿತು, ಪದ್ಧತಿ ಬದಲಾಗಲಿಲ್ಲ.

ಸತ್ತ ಮಗುವಿನ ಸಾಲಿನ ಪಕ್ಕ, ಅಂಚಿನಲ್ಲಿ, ಪೆನ್ಸಿಲಿನಿಂದ ಸಣ್ಣ ಅಕ್ಷರದಲ್ಲಿ ಬರೆದಿತ್ತು: "ನಕಲು ಕೊಡಲಾಗಿದೆ. 11-8-42."

ಅವಳು ಮತ್ತೊಮ್ಮೆ ಓದಿದಳು. ಆಗಲೇ ಸತ್ತು ಹದಿನೇಳು ವರ್ಷವಾಗಿದ್ದ ಕೂಸಿನ ಹುಟ್ಟಿದ ತಾರೀಖಿನ ನಕಲು ಯಾರಿಗೆ ಬೇಕಾಗಿತ್ತು? ಅವಳ ಮಗ ಗಾಡಿ ಹತ್ತಿದ್ದು ಆಗಸ್ಟ್ ಹದಿನಾಲ್ಕಕ್ಕೆ. ಇಪ್ಪತ್ತನಾಲ್ಕರಿಂದ ನಲವತ್ತೆರಡಕ್ಕೆ ಹದಿನೆಂಟು. ಮಕ್ಕಳಿಗೆ ಕಲಿಸುವ ಕಳೆಯುವ ಲೆಕ್ಕ. ವಯಸ್ಸಿಗೆ ಕಾಗದ ಐತೆ, ನಡಿಯಮ್ಮ.

ಹುಡುಗ ಸುಳ್ಳು ಹೇಳಿರಲಿಲ್ಲ. ಹದಿನೈದು ಎಂದೇ ಹೇಳಿದ್ದ. ಚರ್ಚಿನ ಕಾಗದ ನೋಡಿ ಅವರು ನಕ್ಕಿದ್ದರು, ಹೆತ್ತ ತಾಯಿ ಅವನನ್ನು ಸುಳ್ಳುಗಾರ ಎಂದಿದ್ದಳು. ಅಳು ಬರಲಿಲ್ಲ. ಒಂದೂವರೆ ವರ್ಷ ತಪ್ಪು ಬಾಗಿಲಲ್ಲಿ ನಿಂತಿದ್ದ ಸಿಟ್ಟಿಗೆ ಈಗ ಸರಿಯಾದ ಮನೆ ಗೊತ್ತಾಯಿತು.

ಅವಳು ಏಳಲಿಲ್ಲ. ಮೊದಲು ಪುಟ ತಿರುಗಿಸಿದಳು. ಎರಡೆರಡು ಸಲ ಬರೆದ ಹೆಸರುಗಳು ಇನ್ನೆಷ್ಟಿವೆ ಎಂದು ಹುಡುಕಿದಳು. ಏಳು ಸಿಕ್ಕವು. ಅದರಲ್ಲಿ ನಾಲ್ವರು ಈಗ ಹದಿನಾಲ್ಕು ಹದಿನೈದರ ಹುಡುಗರು, ತೀರಿಹೋದ ಅಣ್ಣಂದಿರ ಹೆಸರು ಹೊತ್ತವರು. ಅವರಲ್ಲೊಬ್ಬ ನರಸಮ್ಮನ ಮೊಮ್ಮಗ ಆರೋನ.

"ಅಯ್ಯನವರೇ" ಎಂದಳು. "ಈ ಪೆನ್ಸಿಲ್ ಅಕ್ಷರ ಯಾರ್ದು?"

ಅಯ್ಯನವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ನಂದೇ. ನಕಲು ಕೊಟ್ಟಾಗೆಲ್ಲ ತಾರೀಖು ಬರೆದಿಡ್ತೀನಿ, ನಿಮಗೇ ಗೊತ್ತಲ್ಲ."

"ಈ ಮಗು ಸತ್ತು ಮಣ್ಣಾಗಿ ಹದಿನೇಳು ವರ್ಷ ಆಗಿತ್ತು. ಯಾರ ಕೈಗೆ ಕೊಟ್ರಿ?"

ಅಯ್ಯನವರ ಮುಖದ ಬಣ್ಣ ಹೋಯಿತು. ಪಾಪ, ಅವರು ನಿಜವಾಗಿಯೂ ಆಗಷ್ಟೇ ತಿಳಿದುಕೊಂಡದ್ದು. "ನಾನು ಹೊಸಬ, ಟೀಚರಮ್ಮ. ಸಮಾಧಿ ರಿಜಿಸ್ಟರು ಬೇರೆ. ಹೆಸರು ಅದೇ, ತಂದೆ ತಾಯಿ ಅದೇ. ಪುಟ ತೆಗೆದು ತೋರಿಸಿದ್ರು, ನಾನು ನೋಡಿ ಬರೆದುಕೊಟ್ಟೆ." ಯಾರು ತೋರಿಸಿದರು ಎಂದು ಅವರು ಬಾಯಲ್ಲಿ ಹೇಳಲಿಲ್ಲ. ಕಣ್ಣು ಮಾತ್ರ ಆಶೀರ್ವಾದಪ್ಪನ ಕಡೆ ಹೋಯಿತು.

"ನೀವು ಹೊಸಬರು, ಸರಿ" ಎಂದಳು ಸಮಾಧಾನಮ್ಮ. ಈಗ ಎದ್ದು ನಿಂತಿದ್ದಳು. "ಇವರು ಹೊಸಬರಲ್ಲ. ಅವತ್ತು ಮಳೆ ಬರ್ತಿತ್ತು. ನನ್ನ ಗಂಡನಿಗೆ ಕೈ ಆಡ್ದೆ ಆ ಪುಟ್ಟ ಗುಂಡಿ ತೋಡಿದ್ದು ಇವರೇ. ಇಲ್ಲ ಅನ್ನಿ ನೋಡೋಣ."

ಆಶೀರ್ವಾದಪ್ಪ ಇಲ್ಲ ಎನ್ನಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆಯುವ ನಾಜೂಕಿನಿಂದ ಶುರು ಮಾಡಿದ. "ನೋಡಿ ತಂಗಿ, ಹುಡುಗ ನನ್ನ ಕಾಲು ಹಿಡಿದ. ಅಮ್ಮನ ಸಂಬಳ ಇಬ್ಬರಿಗೆ ಸಾಲಲ್ಲ ಅಂದ. ನಾನು ಬೇಡ ಅಂದೆ, ಕೇಳ್ಲಿಲ್ಲ. ಸತ್ತ ಮಗೂನ ವಯಸ್ಸು ಸುಮ್ನೆ ಪುಸ್ತಕದಲ್ಲಿ ಕೂತಿತ್ತು, ಬದುಕಿರೋನಿಗೆ ಉಪಯೋಗ ಆಗುತ್ತೆ ಅಂತ ಕೊಡಿಸ್ದೆ. ಯಾರಿಗೇನು ನಷ್ಟ ಅಂದ್ಕೊಂಡೆ. ಇಷ್ಟೆಲ್ಲ ಆಗುತ್ತೆ ಅಂತ ಯಾರಿಗ್ಗೊತ್ತಿತ್ತು?"

ಯಾರಿಗೇನು ನಷ್ಟ. ಈ ಮಾತು ಕೇಳಿದ ಮೇಲೂ ಸಮಾಧಾನಮ್ಮ ಅವನ ಕೆನ್ನೆಗೆ ಬಾರಿಸಲಿಲ್ಲ, ಅದು ಅವಳ ದೊಡ್ಡತನ.

"ದೇವರಾಣೆ ಗೊತ್ತಿಲ್ಲ ಅಂದಿದ್ರಲ್ಲ" ಎಂದಳು.

ಅಪ್ಪಯ್ಯಣ್ಣ ನೆಲ ನೋಡಿದ. ಆಶೀರ್ವಾದಪ್ಪ ತಾನೇ ದಾರಿ ಹುಡುಕಿದ. "ಆಗಿದ್ದು ಆಗ್ಹೋಯ್ತು. ನಿಮ್ಮ ಮನಸ್ಸು ನೋಯಿಸೋದು ಯಾರಿಗೂ ಬೇಡ. ಬೀಜದ ಪಾಠಾನೇ ಇಟ್ಕೊಳ್ಳಿ. ನಾನೂ ಕೈ ಎತ್ತುತೀನಿ." ಮೊದಲು ಕೈ ಎತ್ತಿದವನೂ ಅವನೇ. ಅವನ ಹಿಂದೆಯೇ ಅಪ್ಪಯ್ಯಣ್ಣನ ಕೈ ಎದ್ದಿತು. ಅಯ್ಯನವರು, ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಂತೆ, "ಒಳ್ಳೇದಾಯ್ತು, ಸರ್ವಾನುಮತ ಅಂತ ಬರ್ಕೋತೀನಿ" ಎಂದು ಪೆನ್ನು ತೆಗೆದರು.

ಅವಳಿಗೆ ಬೇಕಾದ ಪುಸ್ತಕ ಅವಳ ಕೈಗೆ ಬಂದಿತ್ತು. ಮಗನ ಬದಲು ಒಂದು ಪುಸ್ತಕ. ತೆಗೆದುಕೊಂಡು ಬಾಯಿ ಮುಚ್ಚಿಕೋ ಎನ್ನುವುದನ್ನು ಎಷ್ಟು ಮರ್ಯಾದೆಯಾಗಿ ಹೇಳಿದರು. ಎದ್ದ ಎರಡು ಕೈಗಳನ್ನೂ ಪೆನ್ನು ಹಿಡಿದ ಕೈಯನ್ನೂ ನೋಡಿದಾಗ ಅವಳಿಗೆ ಇನ್ನೊಂದೂ ಹೊಳೆಯಿತು. ಚಿಪ್ಪಿನಲ್ಲಿ ಹುರುಳಿ ಮೊಳೆಯುತ್ತಾ ಇರುತ್ತದೆ, ಸೌದೆ ಗಾಡಿ ಹೋಗುತ್ತಾ ಇರುತ್ತದೆ. ನಾಲ್ಕು ಹೆಸರು ರಿಜಿಸ್ಟರಿನಲ್ಲಿ ಎರಡೆರಡು ಸಲ ಕೂತಿವೆ. ಬೀಜದ ಪಾಠ ಯಾವ ಹುಡುಗನನ್ನೂ ಗಾಡಿಯಿಂದ ಇಳಿಸುವುದಿಲ್ಲ.

"ಬರೀಬೇಡಿ ಅಯ್ಯನವರೇ" ಎಂದಳು. "ದಂಡಿನ ಪಾಠಾನೇ ಇರ್ಲಿ."

ನರಸಮ್ಮ ಬಾಯಿ ತೆರೆದವಳು ಹಾಗೇ ಇದ್ದಳು.

"ನಾನೇ ಕಲಿಸ್ತೀನಿ. ಬಟ್ಟೇನೂ ಬರ್ಲಿ, ಜಮೇದಾರ್ರೂ ಬರ್ಲಿ. ಕೊನೇ ದಿನದ ಕಾರ್ಯಕ್ರಮ ಮಾತ್ರ ನಾನು ಹೇಳ್ದಂಗೆ. ಅವತ್ತು ಅಯ್ಯನವರು ಈ ರಿಜಿಸ್ಟರು ಹಿಡ್ಕೊಂಡು ನನ್ನ ಪಕ್ಕ ನಿಲ್ಲಬೇಕು. ಆಗೋದಾದ್ರೆ ಈಗ ಕೈ ಎತ್ತಿ. ಆಗಲ್ಲ ಅಂದ್ರೆ ಈ ಎರಡು ಸಾಲೂ ಬರ್ಕೊಂಡು ನಾಳೆ ಬೆಂಗಳೂರಿನ ಮಿಷನ್ ದೊರೆ ಹತ್ರ ಹೋಗ್ತೀನಿ."

ಬೆಂಗಳೂರಿನ ದೊರೆಯ ಹೆಸರು ಕೇಳಿ ಎಲ್ಲ ಕೈಗಳೂ ಎದ್ದವು. ಹೆಂಗಸು ಸೋತಳು, ಪಂದ್ಯ ಬಿಟ್ಟಳು ಎಂದು ಆಶೀರ್ವಾದಪ್ಪ ಮನೆಗೆ ಹೋಗುವಾಗ ಅಪ್ಪಯ್ಯಣ್ಣನಿಗೆ ಹೇಳಿದನಂತೆ. ಅಪ್ಪಯ್ಯಣ್ಣ ಹೌದು ಎಂದನಂತೆ.

ನರಸಮ್ಮ ಮಾತ್ರ ಹಿಂದೆ ಉಳಿದಳು. "ಏನವ್ವಾ ಇದು, ನಿಂಗೇನು ತಲೆ ಕೆಟ್ಟಿತಾ?" ಎಂದು ಕೇಳಿದಳು. ಸಮಾಧಾನಮ್ಮ ರಿಜಿಸ್ಟರು ಬಿಚ್ಚಿ ಆರೋನನ ಹೆಸರು ಇದ್ದ ಎರಡು ಜಾಗವನ್ನೂ ತೋರಿಸಿದಳು. ಮುದುಕಿಗೆ ಓದು ಬಾರದು. ಆದರೆ ಮೊದಲ ಆರೋನನನ್ನು ಮಣ್ಣಿಗೆ ಕಳಿಸಿಕೊಟ್ಟವಳು ಅವಳೇ. ಎರಡು ಸಲ ಹೇಳಿಸಿಕೊಳ್ಳಲಿಲ್ಲ. ಖಾಕಿ ಅಂಗಿಯ ಸುದ್ದಿಯನ್ನು ಆಮೇಲೆ ಅವಳು ಎತ್ತಲೇ ಇಲ್ಲ.

ಮೇ ತಿಂಗಳ ಆ ಹತ್ತು ದಿನ ಕೇರಿಯವರು ಅಂಥ ಕವಾಯತು ಕಂಡಿರಲಿಲ್ಲ. ಮೂವತ್ತೆಂಟು ಮಕ್ಕಳು. ರಟ್ಟಿನ ಕತ್ತಿಗೆ ಅಂಟು ಮಾಡಲು ಮನೆಮನೆಯ ರಾಗಿ ಹಿಟ್ಟು ಖರ್ಚಾಯಿತು. ಮಕ್ಕಳಿಗೆ ಖುಷಿಯೋ ಖುಷಿ, ಅದನ್ನು ನೋಡಿದಷ್ಟೂ ಅವಳಿಗೆ ಸಂಕಟ. ದಾನಿಯೇಲನೂ ಹೀಗೇ ಎದೆ ಸೆಟೆದು ನಡೆದಿರಬೇಕು ಎನಿಸಿದಾಗಲೆಲ್ಲ ಅವಳು ಇನ್ನೂ ಜೋರಾಗಿ ಲೆಫ್ಟ್ ರೈಟ್ ಕೂಗುತ್ತಿದ್ದಳು. ಪುಸ್ತಕದಲ್ಲಿ ಇಲ್ಲದ ಒಂದು ನಿಯಮವನ್ನೂ ಸೇರಿಸಿದಳು. ವಚನ ಎಷ್ಟೇ ಬರಲಿ, ತನ್ನ ಹೆಸರು, ತಂದೆಯ ಹೆಸರು, ಹುಟ್ಟಿದ ತಿಂಗಳು ಇಸವಿ, ಇವತ್ತಿಗೆ ತುಂಬಿದ ವಯಸ್ಸು, ಇಷ್ಟನ್ನು ತಡವರಿಸದೆ ಹೇಳದವನು ನಾಯಕನಾಗುವ ಹಾಗಿಲ್ಲ. ದೊಡ್ಡ ಹುಡುಗರ ಕೈಯಲ್ಲಿ ಅದನ್ನು ದಿನಕ್ಕೆ ಹತ್ತು ಸಲ ಹೇಳಿಸಿದಳು.

ಕೊನೆಯ ದಿನ ಬೆಳಿಗ್ಗೆ ಎಂಟಕ್ಕೆ ಜಮೇದಾರ್ ಅಸದುಲ್ಲಾ ಸಾಹೇಬರು ಬಂದರು. ಹೊಸಕೋಟೆಯವರೇ, ಪಟಾಲಮ್ಮಿಗೆ ಜನ ಸೇರಿಸುವ ಅಧಿಕಾರಿ, ಗಡ್ಡ ನೆರೆತ ಗಂಭೀರ ಮನುಷ್ಯ. ಆಶೀರ್ವಾದಪ್ಪ ಹಾರ ಹಾಕಿ, ಅವರ ಕಿವಿಯಲ್ಲಿ ಏನೋ ಹೇಳಿ, ಮಡಿಸಿದ ಒಂದು ಚೀಟಿ ಕೈಗಿತ್ತ. ಮಕ್ಕಳು ಖಾಕಿ ಅಂಗಿ ತೊಟ್ಟು ಚರ್ಚಿನ ಸುತ್ತ ಎರಡು ಸುತ್ತು ನಡೆದರು. ತಾಯಂದಿರು ಹುಣಸೆ ಮರದ ಕೆಳಗೆ ಕೂತು ನೋಡಿದರು. ಸಲಾಮಾಯಿತು. ಸಾಹೇಬರು ಚಪ್ಪಾಳೆ ತಟ್ಟಿ ಏಳಲು ಹೋದರು.

"ಕೂತ್ಕೊಳ್ಳಿ ಸಾಹೇಬ್ರೇ, ಹಾಜರಿ ಆಗಿಲ್ಲ" ಎಂದಳು ಸಮಾಧಾನಮ್ಮ.

ಅಯ್ಯನವರು ರಿಜಿಸ್ಟರು ಹಿಡಿದು ಅವಳ ಪಕ್ಕಕ್ಕೆ ಬಂದು ನಿಂತರು. ಚಿಕ್ಕವರಿಂದ ಶುರುವಾಯಿತು. ಒಂದು ಹೆಜ್ಜೆ ಮುಂದೆ ಬಂದು, ಎದೆ ಸೆಟೆದು, ಹೆಸರು, ತಂದೆ, ಹುಟ್ಟಿದ್ದು, ವಯಸ್ಸು. ಪ್ರತಿಯೊಬ್ಬರಾದ ಮೇಲೂ ಅಯ್ಯನವರು ಪುಟ ನೋಡಿ "ಹೌದು" ಎನ್ನಬೇಕು. ಮೊದಮೊದಲು ಅವರ ಧ್ವನಿ ಜಮೇದಾರರ ತನಕ ಮುಟ್ಟುತ್ತಿರಲಿಲ್ಲ. "ಜೋರಾಗಿ" ಎಂದಳು ಅವಳು, ಮಕ್ಕಳಿಗೆ ಹೇಳುವ ಹಾಗೆಯೇ. ಜೋರಾಗಿ ಹೇಳಿದರು. ಸರದಿ ದೊಡ್ಡ ಹುಡುಗರ ಹತ್ತಿರ ಬರುತ್ತಿದ್ದಂತೆ ಆಶೀರ್ವಾದಪ್ಪ ಎದ್ದು, "ಬಿಸಿಲೇರ್ತಾ ಐತೆ, ಸಾಕು ಟೀಚರಮ್ಮ" ಎಂದ.

"ಕೂತ್ಕೊ ಆಶೀರ್ವಾದಪ್ಪ" ಎಂದಳು ಮರದ ಕೆಳಗಿದ್ದ ನರಸಮ್ಮ. "ನನ್ನ ಮೊಮ್ಮಗನ ಸರದಿ ಬತ್ತಾ ಐತೆ."

ಆರೋನ ಮುಂದೆ ಬಂದ. ಆಳೆತ್ತರದ ಹುಡುಗ, ಮೀಸೆ ಚಿಗುರುತ್ತಿತ್ತು, ನೋಡಿದವರು ಹದಿನೆಂಟು ಎಂದರೆ ನಂಬಬೇಕು. "ಹದಿನಾಲ್ಕು ವರ್ಷ ಎಂಟು ತಿಂಗಳು" ಎಂದು ಊರಿಗೆಲ್ಲ ಕೇಳುವಂತೆ ಹೇಳಿದ. "ಹೌದು" ಎಂದರು ಅಯ್ಯನವರು. "ಇದೇ ಹೆಸರಿನ ಇವನ ಅಣ್ಣ ಮೂರು ವರ್ಷದವನಿದ್ದಾಗ ತೀರಿಕೊಂಡಿದ್ದಾನೆ. ಇವನು ಬೇರೆ." ಈ ಎರಡನೆಯ ಮಾತನ್ನು ಸಮಾಧಾನಮ್ಮ ಹೇಳಿಕೊಟ್ಟಿರಲಿಲ್ಲ. ಅಯ್ಯನವರೇ ಹೇಳಿದರು. ಉಳಿದ ಮೂವರಿಗೂ ಹಾಗೆಯೇ ಹೇಳಿದರು.

ಜಮೇದಾರ್ ಸಾಹೇಬರು ಚೀಟಿ ಬಿಚ್ಚಿದರು. ಓದಿದರು, ಹುಡುಗರನ್ನು ನೋಡಿದರು, ಮತ್ತೆ ಓದಿದರು. ಆಶೀರ್ವಾದಪ್ಪ ತಲೆ ತಗ್ಗಿಸಿ ತನ್ನ ಚಪ್ಪಲಿ ನೋಡಿಕೊಂಡ. ಸಾಹೇಬರು ಚೀಟಿಯನ್ನು ನಾಲ್ಕಾಗಿ ಹರಿದು ಜೇಬಿಗೆ ಹಾಕಿಕೊಂಡರು.

"ಇಲ್ಲಿ ನಾಲ್ಕು ಜನ ಹದಿನೆಂಟು ತುಂಬ್ದೋರು ಅವ್ರೆ ಅಂತ ನಮಗೆ ಹೇಳಿದ್ರು" ಎಂದರು ಅವಳ ಕಡೆ ತಿರುಗಿ. "ಒಬ್ರೂ ಇಲ್ವೇನಮ್ಮ?"

"ಒಬ್ಬನಿದ್ದ ಸಾಹೇಬ್ರೇ, ಕಾಗದದಲ್ಲಿ" ಎಂದಳು ಸಮಾಧಾನಮ್ಮ. "ಅವನನ್ನ ಆಗ್ಲೇ ಕರ್ಕೊಂಡು ಹೋದ್ರಿ. ಅವನು ಹದಿನೈದು ಅಂತಾನೇ ಹೇಳಿದ್ದ. ನೀವೂ ನಂಬ್ಲಿಲ್ಲ, ನಾನೂ ನಂಬ್ಲಿಲ್ಲ."